ಸೌತ್ ಪಾಸ್ ಸಿಟಿ: ಮರದ ಕಟ್ಟಡಗಳು, ಒಬ್ಬ ನ್ಯಾಯಾಧೀಶೆ

ಅಮೆರಿಕದ ಪಶ್ಚಿಮ ಭಾಗದ ಹಳೆಯ ಊರು ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಿನಿಮಾದಲ್ಲಿ ಕಂಡ ಚಿತ್ರ: ಧೂಳಿನ ಬೀದಿ, ಕುದುರೆ, ಪಿಸ್ತೂಲು, ಮದ್ಯದಂಗಡಿ. ಹೆಂಗಸರು ಎಲ್ಲೋ ಮೂಲೆಯಲ್ಲಿ ನಿಂತಿರುತ್ತಾರೆ. ವಯೋಮಿಂಗ್ ರಾಜ್ಯದ ಸೌತ್ ಪಾಸ್ ಸಿಟಿ ನೋಡಲು ಅಂಥದೇ ಊರು. ಆದರೆ ಅದರ ಕಥೆಯಲ್ಲಿ ನಡುವೆ ನಿಂತಿರುವವರು ಒಬ್ಬ ಮಹಿಳೆ.

ಸುಮಾರು 7,800 ಅಡಿ ಎತ್ತರದಲ್ಲಿರುವ ಈ ಜಾಗದ ಕರಿಸ್ಸಾ ಗಣಿಯಲ್ಲಿ 1867ರಲ್ಲಿ ಚಿನ್ನದ ಸುದ್ದಿ ಹಬ್ಬಿತು. ಜನ ನುಗ್ಗಿ ಬಂದರು. ಮರದ ದಿಮ್ಮಿ, ಹಲಗೆಗಳಿಂದ ಹೋಟೆಲು, ಅಂಗಡಿ, ಜೈಲು ಎದ್ದವು. ಚಿನ್ನ ನಿರೀಕ್ಷಿಸಿದಷ್ಟು ಸಿಗಲಿಲ್ಲ. 1870ರ ದಶಕದ ಮಧ್ಯದ ಹೊತ್ತಿಗೆ ಊರು ಬಹುಪಾಲು ಖಾಲಿಯಾಗಿತ್ತು. ಉಳಿದ ಕೆಲವೇ ಕುಟುಂಬಗಳಲ್ಲಿ ಶೆರ್ಲಾಕ್ ಕುಟುಂಬದವರು ಹೋಟೆಲು, ಅಂಗಡಿ ನಡೆಸಿಕೊಂಡು ಬಂದರು. 1966ರಲ್ಲಿ ಊರು ರಾಜ್ಯದ ವಶಕ್ಕೆ ಬಂದು ಸಂರಕ್ಷಿತ ಐತಿಹಾಸಿಕ ತಾಣವಾಯಿತು. ಸೌತ್ ಪಾಸ್ ಹೋಟೆಲು, ಕರಿಸ್ಸಾ ಮದ್ಯದಂಗಡಿ, ಸ್ಮಿತ್-ಶೆರ್ಲಾಕ್ ಅಂಗಡಿ, ಜೈಲು ಸೇರಿ 20ಕ್ಕೂ ಹೆಚ್ಚು ಹಳೆಯ ಕಟ್ಟಡಗಳು ಇಂದಿಗೂ ಅಲ್ಲಿವೆ.

ಈ ಊರಿನಲ್ಲಿ ಮದ್ಯದಂಗಡಿ ಇಟ್ಟಿದ್ದ ವಿಲಿಯಂ ಬ್ರೈಟ್ ವಯೋಮಿಂಗ್ ಪ್ರಾಂತ್ಯದ ಮೊದಲ ಶಾಸನಸಭೆಗೆ ಆಯ್ಕೆಯಾದರು. ಮಹಿಳೆಯರಿಗೆ ಮತದಾನದ ಹಕ್ಕು ಕೊಡುವ ಮಸೂದೆ ತಂದವರು ಅವರೇ. 1869ರ ಡಿಸೆಂಬರ್ 10ರಂದು ಅದು ಕಾನೂನಾಯಿತು. ಬೆಂಬಲಿಸಿದವರೆಲ್ಲರ ಉದ್ದೇಶವೂ ಉದಾತ್ತವಾಗಿರಲಿಲ್ಲ. ಹೆಂಗಸರು ಬಂದು ನೆಲೆಸಲಿ ಎಂಬ ಆಸೆ ಕೆಲವರದು. ಕಪ್ಪು ಗಂಡಸರಿಗೆ ಮತ ಸಿಕ್ಕಮೇಲೆ ಬಿಳಿಯ ಹೆಂಗಸರಿಗೇಕೆ ಇಲ್ಲ ಎಂಬ ಜನಾಂಗಭೇದದ ವಾದ ಇನ್ನು ಕೆಲವರದು. ಅದೇ ಅಧಿವೇಶನದಲ್ಲಿ ವಿವಾಹಿತೆಯರ ಆಸ್ತಿ ಹಕ್ಕು, ಶಿಕ್ಷಕಿಯರಿಗೆ ಸಮಾನ ವೇತನದ ಕಾನೂನುಗಳೂ ಬಂದವು.

ಎರಡೇ ತಿಂಗಳಲ್ಲಿ, 1870ರ ಫೆಬ್ರವರಿಯಲ್ಲಿ, ಊರಿನ ಎಸ್ತರ್ ಹೋಬಾರ್ಟ್ ಮೋರಿಸ್ 'ಜಸ್ಟಿಸ್ ಆಫ್ ದಿ ಪೀಸ್' ಆಗಿ ನೇಮಕವಾದರು. ಅಮೆರಿಕದಲ್ಲಿ ನ್ಯಾಯಾಂಗದ ಹುದ್ದೆಗೇರಿದ ಮೊದಲ ಮಹಿಳೆ ಅವರು. ವಯಸ್ಸು ಐವತ್ತೈದು ದಾಟಿತ್ತು. ಕಾನೂನು ಓದಿದವರಲ್ಲ. ಹಿಂದೆ ಆ ಹುದ್ದೆಯಲ್ಲಿದ್ದವರು ಪ್ರಕರಣಗಳ ದಾಖಲೆ ಪುಸ್ತಕ ಒಪ್ಪಿಸಲು ನಿರಾಕರಿಸಿದರು. ಅವರ ಮೊದಲ ವಿಚಾರಣೆಯೇ ಇದರ ಮೇಲೆ! ಎಸ್ತರ್ ಏನು ಮಾಡಿದರು ಗೊತ್ತೇ? ತಾನೇ ಇದರಲ್ಲಿ ಪಕ್ಷಗಾರಳಾದ್ದರಿಂದ ತೀರ್ಪು ಕೊಡುವುದು ಸರಿಯಲ್ಲವೆಂದು ಪ್ರಕರಣವನ್ನು ವಜಾ ಮಾಡಿ, ಹೊಸ ಪುಸ್ತಕದಲ್ಲಿ ಕೆಲಸ ಶುರುಮಾಡಿದರು. ಎಂಟು ತಿಂಗಳಿಗೂ ಮಿಕ್ಕ ಅವಧಿಯಲ್ಲಿ 25ಕ್ಕೂ ಹೆಚ್ಚು ಪ್ರಕರಣ ನೋಡಿದರು. ಆದರೂ ಮುಂದಿನ ಚುನಾವಣೆಗೆ ಯಾವ ಪಕ್ಷವೂ ಅವರನ್ನು ನಿಲ್ಲಿಸಲಿಲ್ಲ.

ಎಸ್ತರ್ ತಮ್ಮ ಮನೆಯ ಚಹಾಕೂಟಕ್ಕೆ ಅಭ್ಯರ್ಥಿಗಳನ್ನು ಕರೆದು ಮತದಾನದ ಹಕ್ಕಿನ ಮಾತು ತೆಗೆದುಕೊಂಡರು ಎಂಬ ಕಥೆ ಬಹಳ ಪ್ರಸಿದ್ಧ. ಆದರೆ ಅದು ಪ್ರಚಾರವಾದದ್ದು ಸುಮಾರು ಐವತ್ತು ವರ್ಷಗಳ ನಂತರ. ಇತಿಹಾಸಕಾರರು ಅದನ್ನು ಅನುಮಾನದಿಂದಲೇ ನೋಡುತ್ತಾರೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಲಾಗ್ ನೋಡದೆ ಯಾರ ಮಾತನ್ನೂ ನಂಬುವವಳಲ್ಲ. ಹಾಗಾಗಿ ನನಗೆ ಚಹಾದ ಬಟ್ಟಲಿಗಿಂತ ಆ ಹೊಸ ದಾಖಲೆ ಪುಸ್ತಕವೇ ದೊಡ್ಡದು. ಚಹಾಕೂಟದ ಕಥೆಯಲ್ಲಿ ಆಕೆ ಗಂಡಸರಿಗೆ ಉಪಚಾರ ಮಾಡಿ ಹಕ್ಕು ಕೇಳುತ್ತಾಳೆ. ದಾಖಲೆಯಲ್ಲಿ ಆಕೆಯೇ ಕುರ್ಚಿಯಲ್ಲಿ ಕೂತು ನ್ಯಾಯ ಹೇಳುತ್ತಾಳೆ.

1890ರಲ್ಲಿ ವಯೋಮಿಂಗ್ ರಾಜ್ಯವಾದಾಗಲೂ ಮಹಿಳೆಯರ ಮತದ ಹಕ್ಕನ್ನು ಬಿಟ್ಟುಕೊಡಲಿಲ್ಲ. ಸಂವಿಧಾನದ ತಿದ್ದುಪಡಿಯ ಮೂಲಕ ಇಡೀ ದೇಶಕ್ಕೆ ಅದು ಬಂದದ್ದು 1920ರಲ್ಲಿ. ಎಸ್ತರ್ ಅದನ್ನು ನೋಡಲಿಲ್ಲ, 1902ರಲ್ಲಿ ತೀರಿಕೊಂಡಿದ್ದರು.

ಗೆಳತಿಯರೇ, ಹಳೆಯ ಕಟ್ಟಡ ಉಳಿಸಿದರೆ ಗೋಡೆ, ಮಾಡು ಉಳಿಯುತ್ತವೆ. ಅದರೊಳಗೆ ಯಾರು ಏನು ಮಾಡಿದರೆಂಬುದು ಉಳಿಯಲು ಯಾರಾದರೂ ಬರೆದಿಟ್ಟಿರಬೇಕು. ಎಸ್ತರ್ ಬರೆದಿಟ್ಟರು.