ಪಿಕಪ್ ವಾಹನಗಳಿಗೆ ಟೈರ್ ಅಳತೆಯ ಆಯ್ಕೆ: ವಾಹನ ಮಾಲೀಕರಿಗೆ ಮಾಹಿತಿ

ಶಿರಾ ತಾಲ್ಲೂಕಿನ ಗೌಡಗೆರೆ ಹೋಬಳಿ ಹಾಗೂ ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕಡಲೆಕಾಯಿ, ಹುಣಸೆಹಣ್ಣು, ತರಕಾರಿ ಸಾಗಿಸಲು ಪಿಕಪ್ ವಾಹನಗಳು ಬಳಕೆಯಲ್ಲಿವೆ. ಇಂತಹ ವಾಹನಗಳ ಮುಂಭಾಗವನ್ನು ಎತ್ತರಿಸಿ, ಹೊರಗಿನ ಅಲಾಯ್ ರಿಮ್ ಹಾಗೂ ದೊಡ್ಡ ಟೈರ್ ಅಳವಡಿಸಲು ಇಚ್ಛಿಸುವ ಮಾಲೀಕರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಟೈರ್ ಮೇಲಿನ ಬರಹ

215/75 ಆರ್15 ಎಂಬಲ್ಲಿ 215 ಟೈರಿನ ಅಗಲ (ಮಿ.ಮೀ.), 75 ಅಗಲಕ್ಕೆ ಹೋಲಿಸಿದ ಪಕ್ಕದ ಗೋಡೆಯ ಎತ್ತರ (ಶೇಕಡ), 15 ರಿಮ್ಮಿನ ವ್ಯಾಸ (ಇಂಚು). ಇದರ ಒಟ್ಟು ವ್ಯಾಸ ಸುಮಾರು 703 ಮಿ.ಮೀ. ಅದೇ ರಿಮ್ಮಿಗೆ 235/75 ಹಾಕಿದರೆ ವ್ಯಾಸ ಸುಮಾರು 733 ಮಿ.ಮೀ. ಆಗುತ್ತದೆ. ವಾಹನ ಎತ್ತರವಾಗುವುದು 15 ಮಿ.ಮೀ. ಮಾತ್ರ, ಆದರೆ ಮೀಟರ್ 60 ಕಿ.ಮೀ. ತೋರಿಸುವಾಗ ನಿಜವಾದ ವೇಗ 62 ಕಿ.ಮೀ. ಮೀರಿರುತ್ತದೆ.

2. ಭಾರ ಸೂಚ್ಯಂಕ

ಅಳತೆಯ ನಂತರ ಮುದ್ರಿಸಿರುವ ಸಂಖ್ಯೆಯು ಟೈರ್ ಹೊರಬಲ್ಲ ಗರಿಷ್ಠ ಭಾರವನ್ನು ಸೂಚಿಸುತ್ತದೆ. 106 ಎಂದರೆ 950 ಕಿ.ಗ್ರಾಂ., 100 ಎಂದರೆ 800 ಕಿ.ಗ್ರಾಂ. ಹಿಂಬದಿಯ ಎರಡು ಟೈರುಗಳಿಗೆ ಈ ವ್ಯತ್ಯಾಸ 300 ಕಿ.ಗ್ರಾಂ., ಅಂದರೆ ತಲಾ 50 ಕಿ.ಗ್ರಾಂ.ನ ಆರು ಮೂಟೆ. 215/70 ಆರ್16 ಟೈರಿನ ವ್ಯಾಸವು 215/75 ಆರ್15ಕ್ಕೆ ಹತ್ತಿರವಿದೆ. ಹಾಗೆಂದು ಅದು ಅಷ್ಟೇ ಭಾರ ಹೊರುತ್ತದೆಂದು ಭಾವಿಸಬಾರದು. ಕಾರುಗಳಿಗೆಂದು ತಯಾರಾದ ಟೈರ್ ನೋಟಕ್ಕೆ ಅಗಲವಾಗಿದ್ದರೂ ಬೇಸಿಗೆಯ ಕಾದ ರಸ್ತೆಯಲ್ಲಿ ಪೂರ್ಣ ಸರಕಿನೊಡನೆ ಸಿಡಿಯುವ ಅಪಾಯವಿದೆ. ಹೊಸ ಟೈರಿನ ಸೂಚ್ಯಂಕವು ಮೂಲ ಟೈರಿಗಿಂತ ಕಡಿಮೆ ಇರಕೂಡದು.

3. ಮುಂಭಾಗ ಎತ್ತರಿಸುವಿಕೆ

ಖಾಲಿ ಪಿಕಪ್ಪಿನ ಹಿಂಭಾಗ ಎತ್ತರವಾಗಿರುವುದು ದೋಷವಲ್ಲ. ಸರಕು ಹೇರಿದಾಗ ಸ್ಪ್ರಿಂಗ್ ಪಟ್ಟಿಗಳು ತಗ್ಗಿ ವಾಹನ ಸಮಮಟ್ಟಕ್ಕೆ ಬರಲೆಂದೇ ಹಾಗೆ ರೂಪಿಸಲಾಗಿದೆ. ಖಾಲಿ ಇರುವಾಗಲೇ ಮುಂಭಾಗವನ್ನು ಸಮ ಮಾಡಿದರೆ, ಸರಕು ಹೇರಿದಾಗ ಮೂತಿ ಮೇಲೇಳುತ್ತದೆ. ಮುಂದೀಪದ ಬೆಳಕು ಎದುರಿನ ಚಾಲಕರ ಕಣ್ಣಿಗೆ ಬೀಳುತ್ತದೆ; ಚಕ್ರಗಳ ಅಲೈನ್‌ಮೆಂಟ್ ಬದಲಾಗಿ ಟೈರುಗಳು ಒಂದೇ ಬದಿಗೆ ಸವೆಯುತ್ತವೆ.

4. ಹೊರಗಿನ ರಿಮ್ಮುಗಳು

ಬೋಲ್ಟ್ ರಂಧ್ರಗಳ ಸಂಖ್ಯೆ ಮತ್ತು ಅಂತರ, ಮಧ್ಯರಂಧ್ರ, ರಿಮ್ಮಿನ ಅಗಲ ಹಾಗೂ ಭಾರ ಸಾಮರ್ಥ್ಯ ಮೂಲ ರಿಮ್ಮಿಗೆ ಹೊಂದತಕ್ಕದ್ದು. ಚಕ್ರ ಹೊರಕ್ಕೆ ಚಾಚಿದಷ್ಟೂ ಬೇರಿಂಗಿನ ಮೇಲಿನ ಒತ್ತಡ ಹೆಚ್ಚುತ್ತದೆ. ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ಣ ತಿರುಗಿಸಿದಾಗ, ಸರಕು ತುಂಬಿದ ಸ್ಥಿತಿಯಲ್ಲಿಯೂ, ಟೈರ್ ಮಡ್‌ಗಾರ್ಡಿಗೆ ತಗುಲಬಾರದು.

5. ಕಾನೂನಿನ ಉಪಬಂಧಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ ಕಲಂ 182ಎ(4)ರನ್ವಯ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ ರೂ. 5,000 ದಂಡ ಅಥವಾ 6 ತಿಂಗಳವರೆಗೆ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದು.

6. ಮಾಲೀಕರು ಅನುಸರಿಸಬೇಕಾದ ಕ್ರಮ

ಅ) ಬಾಗಿಲಿನ ಬಳಿಯ ಫಲಕ ಅಥವಾ ಮಾಲೀಕರ ಕೈಪಿಡಿಯಲ್ಲಿ ತಯಾರಕರು ತಮ್ಮ ಮಾದರಿಗೆ ಸೂಚಿಸಿರುವ ಅಳತೆಯನ್ನೇ ಆರಿಸುವುದು.
ಆ) ಟೈರ್ ಮೇಲೆ ಐಎಸ್‌ಐ ಗುರುತು ಇರುವುದನ್ನು ಖಚಿತಪಡಿಸಿಕೊಂಡು ರಸೀದಿ ಪಡೆಯುವುದು.
ಇ) ಬೇರೆ ಅಳತೆ ಅಥವಾ ಎತ್ತರಿಸುವ ಕಿಟ್ ಬೇಕೆನಿಸಿದಲ್ಲಿ, ಹಣ ತೆರುವ ಮುನ್ನವೇ ವಾಹನ ನೋಂದಣಿಯಾಗಿರುವ ಕಚೇರಿಯಲ್ಲಿ (ಕೆಎ-64 ವಾಹನಗಳಿಗೆ ಮಧುಗಿರಿ) ಲಿಖಿತವಾಗಿ ವಿಚಾರಿಸುವುದು. ಅಂಗಡಿಯವರ ಮೌಖಿಕ ಭರವಸೆಯು ಅನುಮತಿಯಾಗುವುದಿಲ್ಲ.
ಈ) ಮೂಲ ರಿಮ್ಮುಗಳನ್ನು ಮಾರದೆ ಇರಿಸಿಕೊಳ್ಳುವುದು. ಈಗಾಗಲೇ ಮಾರ್ಪಡಿಸಿದ್ದಲ್ಲಿ ವಾಹನವನ್ನು ಮೂಲ ಸ್ಥಿತಿಗೆ ತಂದ ನಂತರವೇ ಅರ್ಹತಾ ಪ್ರಮಾಣ ಪತ್ರದ ತಪಾಸಣೆಗೆ ಹಾಜರುಪಡಿಸುವುದು.
ಉ) ಟೈರಿನ ಅಚ್ಚಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗುವ ಮುನ್ನ ಬದಲಿಸುವುದು. ಟೈರ್ ತಣ್ಣಗಿರುವಾಗ ಗಾಳಿಯ ಒತ್ತಡ ಪರೀಕ್ಷಿಸುವುದು.

ಟೈರ್ ಎಷ್ಟೇ ದೊಡ್ಡದಾದರೂ ನೋಂದಣಿ ಪತ್ರದಲ್ಲಿ ನಮೂದಾದ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ.