ಆಲ್ಕೊಹಾಲಿಕ್ಸ್ ಅನಾನಿಮಸ್

ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.): ಕುಡಿತದ ಚಟದಿಂದ ಹೊರಬರಲು ಬಯಸುವವರು ಪರಸ್ಪರ ಆಸರೆಯಾಗಿ ನಡೆಸುತ್ತಿರುವ ಅಂತರರಾಷ್ಟ್ರೀಯ ಬಳಗ. 1935ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಇದನ್ನು ಆರಂಭಿಸಿದರು. ಇಬ್ಬರೂ ಕುಡಿತದಿಂದ ನೊಂದವರು. ಚೇತರಿಕೆಯ ಹನ್ನೆರಡು ಹೆಜ್ಜೆಗಳನ್ನು ವಿವರಿಸುವ ಮೂಲಗ್ರಂಥ 1939ರಲ್ಲಿ ಪ್ರಕಟವಾಯಿತು.

ಸಭೆಯ ಸ್ವರೂಪ: ಕುಡಿತ ಬಿಡಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಶುಲ್ಕವಿಲ್ಲ, ಸದಸ್ಯರು ಇಷ್ಟಪಟ್ಟು ಕೊಡುವ ಕಾಣಿಕೆಯಿಂದಲೇ ಖರ್ಚು ನಡೆಯುತ್ತದೆ. ಮಾತನಾಡುವವರು ಸಾಮಾನ್ಯವಾಗಿ ಮೊದಲ ಹೆಸರಷ್ಟೇ ಹೇಳಿ, ತಾವು ಮದ್ಯವ್ಯಸನಿ ಎಂದು ಪರಿಚಯಿಸಿಕೊಂಡು ತಮ್ಮ ಅನುಭವ ಹೇಳುತ್ತಾರೆ. ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಹೊಸಬರು ಮಾತನಾಡಲೇಬೇಕೆಂದಿಲ್ಲ. ಅಲ್ಲಿ ಕೇಳಿದ್ದನ್ನು, ಕಂಡವರ ಗುರುತನ್ನು ಹೊರಗೆ ಹೇಳಬಾರದು. ಮುಕ್ತ ಸಭೆಗೆ ಮನೆಯವರೂ ಆಸಕ್ತರೂ ಬರಬಹುದು. ಇನ್ನೊಂದು ಬಗೆಯ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ಅನುಭವಿ ಸದಸ್ಯರೊಬ್ಬರು 'ಸ್ಪಾನ್ಸರ್' ಆಗಿ ಹೊಸಬರಿಗೆ ಜೊತೆಯಾಗುತ್ತಾರೆ. ಮತ್ತೆ ಕುಡಿದವರಿಗೂ ಬಾಗಿಲು ತೆರೆದೇ ಇರುತ್ತದೆ.

ಸಭೆ ಹುಡುಕುವುದು: ಎ.ಎ.ಯ ಸ್ಥಳೀಯ ಕಚೇರಿ, ಸಹಾಯವಾಣಿ ಅಥವಾ ವ್ಯಸನಮುಕ್ತಿ ಕೇಂದ್ರದಲ್ಲಿ ಸ್ಥಳ, ಸಮಯ, ಭಾಷೆ ವಿಚಾರಿಸಬಹುದು. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಕುಟುಂಬದವರಿಗೆ 1951ರಲ್ಲಿ ಆರಂಭವಾದ ಅಲ್-ಅನಾನ್ ಬಳಗವಿದೆ.

ಕರ್ನಾಟಕದಲ್ಲಿ: ಎ.ಎ. ಗುಂಪುಗಳಲ್ಲದೆ, ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಒಟ್ಟುಗೂಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ.

ಎಚ್ಚರಿಕೆ: ಸಭೆ ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ. ದಿನವೂ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಇಂಥವರು ಮೊದಲು ವೈದ್ಯರನ್ನು ಕಾಣಲೇಬೇಕು.