ದಾರಿ ಮುಂದೆ, ನೀರು ಹಿಂದೆ

ಊರು ಬೆಳೆಯುವುದು ಎರಡು ಗೆರೆಗಳನ್ನು ಹಿಡಿದು. ಒಂದು ದಾರಿಯ ಗೆರೆ, ಇನ್ನೊಂದು ನೀರಿನ ಗೆರೆ. ದಾರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನೀರಿನ ಕೊಳವೆ ನೆಲದೊಳಗೆ ಹುದುಗಿರುತ್ತದೆ. ಇವೆರಡರಲ್ಲಿ ಯಾವುದು ಮುಂದೆ ಹೋಯಿತು, ಯಾವುದು ಹಿಂದೆ ಉಳಿಯಿತು ಎಂದು ವಿಚಾರಿಸಿದರೆ ಊರಿನ ಚರಿತ್ರೆಯ ಅರ್ಧಭಾಗ ತಿಳಿದಂತೆಯೇ ಸರಿ. ನಮ್ಮ ಬೆಂಗಳೂರನ್ನೇ ತೆಗೆದುಕೊಳ್ಳೋಣ.

ಬೆಂಗಳೂರಿಗೆ ಹೊಳೆಯಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಒಂದು ದಿಣ್ಣೆಯ ಮೇಲೆ ಅದು ಕುಳಿತಿದೆ. ಇಲ್ಲಿ ಬಿದ್ದ ಮಳೆ ಒಂದು ಕಡೆ ಅರ್ಕಾವತಿಗೂ ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೂ ಹರಿದುಹೋಗುತ್ತದೆ. ಇಂತಹ ನೆಲದಲ್ಲಿ ಊರು ಕಟ್ಟುವವನಿಗೆ ಓಡುವ ನೀರನ್ನು ತಡೆದು ನಿಲ್ಲಿಸುವುದೇ ಮೊದಲ ಕೆಲಸ. 16ನೆಯ ಶತಮಾನದಲ್ಲಿ ಕೆಂಪೇಗೌಡರ ಮನೆತನದವರು ಪೇಟೆಗಳ ಜೊತೆಜೊತೆಗೆ ಕೆರೆಗಳನ್ನೂ ಕಟ್ಟಿಸಿದುದು ಇದಕ್ಕಾಗಿಯೇ. ಆ ಕೆರೆಗಳ ಹೆಸರುಗಳನ್ನು ಗಮನಿಸಬೇಕು: ಧರ್ಮಾಂಬುಧಿ, ಕೆಂಪಾಂಬುಧಿ. ಅಂಬುಧಿ ಎಂದರೆ ಸಮುದ್ರ. ಹೊಳೆಯನ್ನೂ ಕಾಣದ ಊರಿನವರು ತಮ್ಮ ಕೆರೆಯನ್ನು ಸಮುದ್ರವೆಂದು ಕರೆದರು! ಅದರ ಬೆಲೆ ಅವರಿಗೆ ಗೊತ್ತಿತ್ತು. ಆ ಕಾಲದಲ್ಲಿ ನೀರಿದ್ದಲ್ಲಿಗೆ ದಾರಿ ಹೋಗುತ್ತಿತ್ತು.

1809ರಲ್ಲಿ ಹಲಸೂರಿನ ಸಮೀಪದಲ್ಲಿ ಇಂಗ್ಲಿಷರ ದಂಡು ಬಂದು ನೆಲೆಸಿತು. ದಂಡಿನ ಪ್ರದೇಶವೂ ಕೆರೆಗಳನ್ನೇ ನಂಬಿಕೊಂಡಿತು. 1882ರಲ್ಲಿ ಸ್ಯಾಂಕಿ ಕೆರೆ ಆದದ್ದೂ ಈ ಬಾಯಾರಿಕೆಯಿಂದಲೇ. ಆದರೆ 1876–78ರ ಘೋರ ಕ್ಷಾಮ ಒಂದು ಪಾಠವನ್ನು ಕಲಿಸಿತ್ತು: ಮಳೆ ತಪ್ಪಿದರೆ ಕೆರೆಯೂ ಕೈಬಿಡುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಊರಿಂದ ಸುಮಾರು 18 ಕಿಲೋಮೀಟರ್ ದೂರದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಹಿಡಿಯುವ ಯೋಜನೆ 1894ರಲ್ಲಿ ರೂಪುಗೊಂಡಿತು. 1896ರ ಹೊತ್ತಿಗೆ ಶೋಧಿಸಿದ ನೀರು ಕೊಳವೆಯಲ್ಲಿ ಊರೊಳಕ್ಕೆ ಬಂದಿತು.

ಎರಡೇ ವರ್ಷಗಳಲ್ಲಿ, 1898ರಲ್ಲಿ, ಪ್ಲೇಗು ಬಂದೆರಗಿತು. ಇಕ್ಕಟ್ಟಾದ ಹಳೆಯ ಪೇಟೆಗಳಲ್ಲಿ ಸಾವಿನ ಮೇಲೆ ಸಾವು. ಗಾಳಿ ಬೆಳಕುಳ್ಳ ಮನೆಗಳ ಅಗತ್ಯ ಆಗ ಎಲ್ಲರಿಗೂ ಮನದಟ್ಟಾಯಿತು. ಅದೇ ದಶಕದಲ್ಲಿ ಮೊದಲಾಗಿದ್ದ ಮಲ್ಲೇಶ್ವರ, ಬಸವನಗುಡಿಗಳ ಕೆಲಸ ಚುರುಕಾಯಿತು: ನೇರವಾದ ಬೀದಿಗಳು, ಅವುಗಳನ್ನು ಅಡ್ಡಹಾಯುವ ರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವುದಕ್ಕೆಂದೇ ಬಿಟ್ಟ ಓಣಿಗಳು. ಕೊಳಾಯಿಯೂ ಬಡಾವಣೆಯೂ ಒಂದೇ ಕಾಲದಲ್ಲಿ ಹುಟ್ಟಿದುವು ಎಂಬುದು ಈ ಹಳೆಯ ಬಡಾವಣೆಗಳ ಭಾಗ್ಯ.

ಆದರೆ ಕೊಳಾಯಿ ತಂದ ಇನ್ನೊಂದು ಬದಲಾವಣೆಯೂ ಉಂಟು. ನೀರು ದೂರದಿಂದ ಬರಬಹುದೆಂದು ತಿಳಿದ ಮೇಲೆ ಮನೆ ಕಟ್ಟುವುದಕ್ಕೆ ಕೆರೆಯ ಆಸರೆ ಬೇಕಾಗಲಿಲ್ಲ. ಬೇಡವಾದ ಕೆರೆ ಬರಿಯ ಜಾಗವಾಗಿ ಕಾಣತೊಡಗಿತು. ಧರ್ಮಾಂಬುಧಿಯ ನೆಲದಲ್ಲಿ ಇಂದು ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ. ಹತ್ತಿರದ ಸಮುದ್ರವನ್ನು ಮುಚ್ಚಿ ದೂರದ ಹೊಳೆಗೆ ಕೈಯೊಡ್ಡಿದೆವು.

ಆ ಹೊಳೆಯೂ ಸಾಲದಾಯಿತು. ವಿಶ್ವೇಶ್ವರಯ್ಯನವರ ಸಲಹೆಯಂತೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ನಗರಾಭಿವೃದ್ಧಿಗೆಂದು 1945ರಲ್ಲಿ ಪ್ರತ್ಯೇಕ ಟ್ರಸ್ಟ್ ಬೋರ್ಡು ಏರ್ಪಟ್ಟಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿತ್ತು. 1949ರಲ್ಲಿ ದಂಡೂ ಪೇಟೆಯೂ ಒಂದೇ ಕಾರ್ಪೊರೇಷನ್ ಆದುವು. 1964ರಲ್ಲಿ ನೀರಿಗೂ ಒಳಚರಂಡಿಗೂ ಬೇರೊಂದು ಮಂಡಲಿ ಬಂದಿತು. 1976ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಅಭಿವೃದ್ಧಿ ಪ್ರಾಧಿಕಾರ ಬಂದಿತು. ನಿವೇಶನ ಹಂಚಿ ದಾರಿ ಎಳೆಯುವ ಕಚೇರಿ ಒಂದು, ನೀರು ಕೊಡುವ ಕಚೇರಿ ಮತ್ತೊಂದು! ಕೆಲಸದ ಅನುಕೂಲಕ್ಕೆ ಇದು ಸರಿಯೇ ಇರಬಹುದು. ಆದರೆ ನಕ್ಷೆಯ ಮೇಲೆ ರಸ್ತೆ ಏರು ತಗ್ಗುಗಳನ್ನು ಲೆಕ್ಕಿಸದೆ ಓಡಬಲ್ಲುದು, ನೀರು ಹಾಗಲ್ಲ. ಎತ್ತರದಲ್ಲಿ ತೊಟ್ಟಿಯಿಲ್ಲದೆ, ಒತ್ತಡವಿಲ್ಲದೆ, ಕೊಳವೆಯ ಕೊನೆಯ ಮನೆಗೆ ಅದು ಏರಲಾರದು. ಹೊಸದಾಗಿ ಡಾಂಬರು ಬಿದ್ದ ರಸ್ತೆಯನ್ನು ಮರುತಿಂಗಳೇ ಕೊಳವೆಗಾಗಿ ಅಗೆಯುವ ನೋಟ ಯಾವ ನಗರವಾಸಿಗೆ ಹೊಸದು?

1974ರಲ್ಲಿ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಸಲ ಎತ್ತಿ ತರುವ ನೀರು ಅದು. ಇದು ಇಂಜಿನಿಯರುಗಳ ಸಾಹಸವೆಂಬುದರಲ್ಲಿ ಸಂದೇಹವಿಲ್ಲ. ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್; 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೆಯ ಹಂತವೊಂದರದೇ 77.5 ಕೋಟಿ. ಆದರೆ ಈ ಐದನೆಯ ಹಂತ ಯಾರಿಗಾಗಿ ಬಂದಿತು? 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ನಗರವೆಂಬ ಹೆಸರು ಬಂದ 17 ವರ್ಷಗಳ ಮೇಲೆ ನಗರದ ನೀರು! ಈ ನಡುವೆ ಅಲ್ಲಿ ರಸ್ತೆಗಳಾದುವು, ಮನೆಗಳೆದ್ದುವು. ಜನ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿ ಬದುಕಿದರು. 2024ರ ಬೇಸಗೆಯಲ್ಲಿ ಆ ಬಾವಿಗಳು ಬತ್ತಿದಾಗ ಪಟ್ಟ ಪಾಡನ್ನು ಯಾರೂ ಮರೆತಿಲ್ಲ.

ಹಳೆಯ ಕಾಲವೆಲ್ಲ ಒಳ್ಳೆಯದೆಂಬುದು ಇಲ್ಲಿಯ ಮಾತಲ್ಲ. ಕೆರೆಯ ನೀರನ್ನು ಸೋಸದೆ ಕುಡಿದು ರೋಗಕ್ಕೆ ತುತ್ತಾದವರು ಎಷ್ಟೋ ಮಂದಿ. ಕೊಳಾಯಿ ಅವರಿಗೆ ವರವೇ ಆಯಿತು. ಆದರೆ ಊರು ಕಟ್ಟುವ ಕ್ರಮದಲ್ಲಿ ಹಿಂದಿನವರು ಒಂದನ್ನು ಮರೆಯಲಿಲ್ಲ: ಮೊದಲು ನೀರು, ಆಮೇಲೆ ಬೀದಿ. ಇಂದು ಹೊಸ ಬಡಾವಣೆಯಲ್ಲಿ ನಿವೇಶನ ಕೊಳ್ಳಹೊರಟ ಗೃಹಸ್ಥ, ರಸ್ತೆ ಎಷ್ಟು ಅಗಲವೆಂದು ಕೇಳುತ್ತಾನೆ. ನೀರು ಎಲ್ಲಿಂದ, ಯಾವ ವರ್ಷ ಬರುವುದೆಂದು ಅವನೂ ಕೇಳಬೇಕು. ನಕ್ಷೆಗೆ ಒಪ್ಪಿಗೆಯ ಮುದ್ರೆ ಒತ್ತುವವರು ಅವನಿಗಿಂತ ಮೊದಲೇ ಕೇಳಬೇಕು.